ಹಿಮ್ಮಡಿಯ ಹುರಿ ಹರಿದಾಗ

ಮಲಪ್ರಭೆಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಬದುಕು ಬಹುಮಟ್ಟಿಗೆ ಕಾಲಿನ ಬಲದ ಮೇಲೆಯೇ ನಿಂತದ್ದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ‘ಉಧೋ ಉಧೋ’ ಎನ್ನುತ್ತ ಸವದತ್ತಿಯ ಯಲ್ಲಮ್ಮನ ಗುಡ್ಡ ಏರುವವರಲ್ಲಿ ಬರಿಗಾಲಲ್ಲಿ ನಡೆದು ಬಂದವರು ಎಷ್ಟೋ ಮಂದಿ. ರಾಮದುರ್ಗದ ಕೈಮಗ್ಗದ ನೇಕಾರ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ದಿನಕ್ಕೆ ಸಾವಿರಾರು ಸಲ ಮಗ್ಗದ ಹಲಗೆಯನ್ನು ತುಳಿಯುತ್ತಾನೆ. ಬೈಲಹೊಂಗಲದ ಎರೆಹೊಲದಲ್ಲಿ ಮಳೆಗಾಲದ ಕೆಸರು ಹೆಜ್ಜೆ ಹೆಜ್ಜೆಗೂ ಕಾಲನ್ನು ಕೆಳಕ್ಕೆ ಎಳೆಯುತ್ತದೆ. ಕಿತ್ತೂರು ಉತ್ಸವ ಬಂತೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಸೈನ್ಯದ ಭರ್ತಿಗೆ 1.6 ಕಿಲೋಮೀಟರ್ ಓಟ ಗೆಲ್ಲಬೇಕೆಂದು ಬೆಳಗಿನ ಮಬ್ಬಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರು ಈ ಭಾಗದ ಯಾವ ಊರಿನಲ್ಲಾದರೂ ಸಿಗುತ್ತಾರೆ.

ಈ ಎಲ್ಲ ನಡಿಗೆ, ಓಟ, ತುಳಿತಗಳ ಭಾರ ಕೊನೆಗೆ ಬಂದು ಬೀಳುವುದು ಹಿಮ್ಮಡಿಯ ಹಿಂದೆ, ಬೆರಳಿಟ್ಟರೆ ಕೈಗೆ ಸಿಗುವ ಒಂದು ಗಟ್ಟಿ ಹುರಿಯ ಮೇಲೆ. ವೈದ್ಯರು ಅದನ್ನು ಅಕಿಲಿಸ್ ಸ್ನಾಯುರಜ್ಜು ಎನ್ನುತ್ತಾರೆ. ಊರಿನ ಮಾತಿನಲ್ಲಿ ಅದು ಹಿಂಬಡದ ನರ. ದೇಹದ ಸ್ನಾಯುರಜ್ಜುಗಳಲ್ಲೆಲ್ಲ ದಪ್ಪವಾದದ್ದು, ಬಲವಾದದ್ದು ಇದೇ. ಆದರೂ ಒಂದು ಕ್ಷಣದಲ್ಲಿ ಅದು ಹರಿಯಬಲ್ಲದು. ಹರಿದ ಮೇಲೆ ಮನುಷ್ಯ ಮೊದಲಿನಂತೆ ನಡೆಯುವನೇ, ಜೀವಮಾನವಿಡೀ ಕುಂಟುವನೇ ಎಂಬುದು ಬಹಳಷ್ಟು ಮಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಏನು ಮಾಡಲಾಯಿತು ಎಂಬುದನ್ನು ಅವಲಂಬಿಸಿದೆ.

ಮೂರಕ್ಕೂ ಒಂದೇ ಹೆಸರು

ತೊಡಕು ಭಾಷೆಯಿಂದಲೇ ಶುರುವಾಗುತ್ತದೆ. ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವ ರಕ್ತನಾಳವೂ ನರವೇ. ಮೆದುಳಿನಿಂದ ಸುದ್ದಿ ಒಯ್ಯುವ ತಂತುವೂ ನರವೇ. ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ಹುರಿಯೂ ನರವೇ. ಆದ್ದರಿಂದಲೇ ಕಾಲು ನೊಂದಾಗಲೆಲ್ಲ ‘ನರ ಹೊರಳಿದೆ’, ‘ನರ ಸರಿದಿದೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಹೊರಳಿದ್ದನ್ನು ತಿಕ್ಕಿ ಸರಿಪಡಿಸಬಹುದು ಎಂಬ ನಂಬಿಕೆಯೂ ಅದರ ಬೆನ್ನಿಗೇ ಬರುತ್ತದೆ. ಆದರೆ ಹರಿದ ಹಗ್ಗವನ್ನು ತಿಕ್ಕಿ ಕೂಡಿಸಲು ಸಾಧ್ಯವಿಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯಲ್ಲಿ ಸಿರೆ ಬೇರೆ, ಸ್ನಾಯು ಬೇರೆ, ಕಂಡರ ಬೇರೆ. ದಪ್ಪ ಹುರಿಗಳಾದ ಕಂಡರಗಳು ದೇಹದಲ್ಲಿ 16 ಎಂದು ಅಲ್ಲಿ ಎಣಿಸಲಾಗಿದೆ. ಪೆಟ್ಟು ಬಿದ್ದರೆ ಅಪಾಯ ತರುವ 107 ಮರ್ಮಸ್ಥಾನಗಳನ್ನು ಹೇಳುವಾಗ ಒಂದೊಂದು ಕೈಗೂ ಕಾಲಿಗೂ 11 ಮರ್ಮಗಳನ್ನು ಹಂಚಲಾಗಿದೆ. ಅವುಗಳಲ್ಲಿ ‘ಇಂದ್ರಬಸ್ತಿ’ ಇರುವುದು ಮೀನಖಂಡದ ನಡುವೆ, ‘ಗುಲ್ಫ’ ಇರುವುದು ಕಾಲಿನ ಗಿಣ್ಣಿನಲ್ಲಿ. ಇವೆರಡರ ನಡುವಿನ ಹಾದಿಯಲ್ಲೇ ನಾವು ಮಾತಾಡುತ್ತಿರುವ ಹುರಿ ಇಳಿಯುತ್ತದೆ.

ಮೀನಖಂಡ ಎಂಬ ಕನ್ನಡದ ಹೆಸರೂ ಅರ್ಥಪೂರ್ಣವಾದುದು. ಮೊಣಕಾಲಿನ ಹಿಂದಿನಿಂದ ಮೀನಿನ ಹೊಟ್ಟೆಯಂತೆ ಉಬ್ಬಿ ಇಳಿಯುವ ಆ ಮಾಂಸಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಕೆಳಗೆ ಬರುತ್ತ ಎರಡೂ ಸೇರಿ ಸುಮಾರು 15 ಸೆಂಟಿಮೀಟರ್ ಉದ್ದದ ಒಂದೇ ಹುರಿಯಾಗಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುತ್ತವೆ. ಇಳಿಯುವಾಗ ಅದರ ಎಳೆಗಳು ನೇರವಾಗಿರದೆ, ಹಗ್ಗ ಹೊಸೆದಂತೆ ಸ್ವಲ್ಪ ತಿರುಚಿಕೊಂಡಿರುತ್ತವೆ. ಹುರಿ ಎಂಬ ಮಾತು ಆದ್ದರಿಂದ ಇಲ್ಲಿ ಬರಿಯ ಉಪಮೆಯಲ್ಲ. ಓಡುವಾಗ ಮೈಭಾರದ ಆರೆಂಟು ಪಟ್ಟು ಸೆಳೆತವನ್ನು ಇದು ತಾಳಿಕೊಳ್ಳುತ್ತದೆ. ಮೆಟ್ಟಿಲು ಹತ್ತುವುದು, ಜಿಗಿಯುವುದು, ತುದಿಗಾಲಲ್ಲಿ ನಿಂತು ಮಾಡದ ಮೇಲಿನ ಡಬ್ಬಿ ತೆಗೆಯುವುದು, ಇವೆಲ್ಲ ಇದರ ಕೆಲಸ.

ಗ್ರೀಕ್ ವೀರನ ಹೆಸರು

ಈ ಹುರಿಗೆ ಗ್ರೀಕ್ ವೀರನೊಬ್ಬನ ಹೆಸರು ಅಂಟಿಕೊಂಡ ಕಥೆ ಸ್ವಾರಸ್ಯಕರವಾಗಿದೆ. ಅಕಿಲಿಸನ ತಾಯಿ ಥೆಟಿಸ್ ಮಗುವಿಗೆ ಸಾವೇ ಬಾರದಿರಲೆಂದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ಅವಳು ಹಿಡಿದುಕೊಂಡಿದ್ದ ಹಿಮ್ಮಡಿ ಮಾತ್ರ ನೀರಿಗೆ ಸೋಕಲಿಲ್ಲ. ಟ್ರಾಯ್ ಯುದ್ಧದಲ್ಲಿ ಅಲ್ಲಿಗೇ ಬಾಣ ತಗುಲಿ ಅವನು ಸತ್ತ. ಕುತೂಹಲದ ಸಂಗತಿಯೆಂದರೆ ಹೋಮರನ ‘ಇಲಿಯಡ್’ನಲ್ಲಿ ಈ ನದಿಯ ಕಥೆ ಇಲ್ಲ. ನಮಗೆ ದೊರೆತಿರುವ ಮಟ್ಟಿಗೆ ಅದು ಮೊದಲು ಕಾಣಿಸುವುದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸನಲ್ಲಿ. ಅಂಗರಚನಾ ಶಾಸ್ತ್ರದ ಗ್ರಂಥದಲ್ಲಿ ಈ ಹುರಿಯನ್ನು ಅಕಿಲಿಸನ ಹೆಸರಿನಿಂದ ಕರೆದವನು ಫ್ಲಾಂಡರ್ಸ್ ನಾಡಿನ ಫಿಲಿಪ್ ವೆರ್ಹೆಯೆನ್. ವರ್ಷ 1693. ರೋಗದಿಂದಾಗಿ ಅವನೇ ಒಂದು ಕಾಲು ಕಳೆದುಕೊಂಡಿದ್ದವನು.

ನಮ್ಮ ಪುರಾಣಗಳಿಗೂ ಇಂಥ ಮರ್ಮಗಳು ಹೊಸವಲ್ಲ. ಮಹಾಭಾರತದ ಮೌಸಲ ಪರ್ವದಲ್ಲಿ ಜರನೆಂಬ ಬೇಡ ಜಿಂಕೆಯೆಂದು ಭ್ರಮಿಸಿ ಬಿಟ್ಟ ಬಾಣ ಶ್ರೀಕೃಷ್ಣನ ಪಾದಕ್ಕೆ ತಗುಲಿ ಅವತಾರವೇ ಮುಗಿಯುತ್ತದೆ. ಗಾಂಧಾರಿಯ ದೃಷ್ಟಿ ಬಿದ್ದು ಮೈಯೆಲ್ಲ ವಜ್ರವಾದರೂ ತೊಡೆ ಮಾತ್ರ ಹಾಗೆಯೇ ಉಳಿದ ದುರ್ಯೋಧನನ ಕಥೆ ಜನಪದರಲ್ಲಿ ಬಳಕೆಯಲ್ಲಿದೆ. ಆ ತೊಡೆ ಮುರಿಯುವ ಗದಾಯುದ್ಧವನ್ನು ಹತ್ತನೆಯ ಶತಮಾನದಲ್ಲಿ ಕಾವ್ಯವಾಗಿಸಿದ ರನ್ನ, ರಾಮದುರ್ಗಕ್ಕೆ ದೂರವಲ್ಲದ ಮುಧೋಳದವನು. ವೀರನಿಗೆ ಒಂದು ದುರ್ಬಲ ಜಾಗವಿರಬೇಕು ಎಂಬ ಕಲ್ಪನೆ ಗ್ರೀಕರಿಗೂ ನಮಗೂ ಸಮಾನವಾಗಿಯೇ ಬಂದಿದೆ.

ಪ್ರಾಚೀನ ಗ್ರೀಸಿನ ಹಿಪ್ಪೊಕ್ರೆಟಿಸ್ ಪರಂಪರೆಯ ವೈದ್ಯರು ಈ ಹುರಿಗೆ ಗಾಯವಾದರೆ ಜ್ವರ ಏರಿ, ಬುದ್ಧಿ ಕದಡಿ, ಸಾವು ಬರುತ್ತದೆಂದು ಹೆದರುತ್ತಿದ್ದರು. ಸೋಂಕು ತಡೆಯುವ ಉಪಾಯಗಳಿಲ್ಲದ ಕಾಲದಲ್ಲಿ ಆ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಚರ್ಮ ಹರಿಯದೆ ಒಳಗಿನ ಹುರಿ ಮಾತ್ರ ತುಂಡಾಗುವುದನ್ನು 1575ರಲ್ಲಿ ಬರೆದಿಟ್ಟವನು ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಸ್ ಪಾರೆ.

ಹಿಂದಿನಿಂದ ಒದ್ದಂತೆ

ಹುರಿ ಹರಿಯುವ ರೀತಿ ಎಲ್ಲರಲ್ಲೂ ಹೆಚ್ಚು ಕಡಿಮೆ ಒಂದೇ. ಕಬಡ್ಡಿಯಲ್ಲಿ ಗೆರೆಯತ್ತ ಹಾರುವಾಗ, ವಾಲಿಬಾಲ್ ಆಟದಲ್ಲಿ ಜಿಗಿದು ಇಳಿಯುವಾಗ, ಹೊಲದ ಬದುವಿನಿಂದ ಕಾಲು ಜಾರಿ ಕುಣಿಯೊಳಗೆ ಬಿದ್ದಾಗ, ಹೊರಟ ಬಸ್ಸನ್ನು ಓಡಿ ಹಿಡಿಯುವಾಗ, ಯಾರೋ ಹಿಂದಿನಿಂದ ಒದ್ದಂತೆ ಅಥವಾ ಕಲ್ಲು ಬೀರಿದಂತೆ ಅನಿಸುತ್ತದೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ. ಕೆಲವರಿಗೆ ‘ಟಪ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿರುತ್ತದೆ. ಮೊದಲ ನೋವು ತೀವ್ರವಾಗಿದ್ದರೂ ಎಷ್ಟೋ ಸಲ ಬೇಗನೆ ತಗ್ಗುತ್ತದೆ. ಮೋಸ ಇರುವುದು ಇಲ್ಲಿಯೇ.

ಇದಕ್ಕೆ ಹೆಚ್ಚಾಗಿ ತುತ್ತಾಗುವವರು 30ರಿಂದ 50ರೊಳಗಿನ ಗಂಡಸರು. ವಾರವಿಡೀ ಕುರ್ಚಿಯಲ್ಲೋ ಅಂಗಡಿಯ ಗಲ್ಲೆಯಲ್ಲೋ ಕುಳಿತಿದ್ದು, ಜಾತ್ರೆಯ ದಿನ ಹುಡುಗರ ಜೊತೆ ಹುಡುಗರಾಗಿ ಕಣಕ್ಕೆ ಇಳಿಯುವವರು. ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗದಲ್ಲಿ ಹುರಿಗೆ ರಕ್ತದ ಪೂರೈಕೆ ಕಡಿಮೆ. ವಯಸ್ಸಾದಂತೆ ಅಲ್ಲಿನ ಎಳೆಗಳು ಸದ್ದಿಲ್ಲದೆ ಸವೆದಿರುತ್ತವೆ. ಹರಿಯುವುದೂ ಸಾಮಾನ್ಯವಾಗಿ ಅಲ್ಲಿಯೇ. ಸಕ್ಕರೆ ಕಾಯಿಲೆಯೂ ಸ್ಟೀರಾಯ್ಡ್ ಔಷಧಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರ, ಮೂತ್ರದ ಉರಿಗೆಂದು ಕೊಡುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್‌ನಂಥ ಜೀವನಿರೋಧಕಗಳು ಈ ಹುರಿಯನ್ನು ದುರ್ಬಲಗೊಳಿಸಬಲ್ಲವೆಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ಚೀಟಿಯಿಲ್ಲದೆ ಇಂಥ ಗುಳಿಗೆಗಳನ್ನು ಕೊಂಡು ನುಂಗುವವರು ಈ ಮಾತನ್ನು ನೆನಪಿಡಬೇಕು. ಈ ಗುಳಿಗೆ ತೆಗೆದುಕೊಳ್ಳುವಾಗ ಹಿಮ್ಮಡಿಯ ಹಿಂದೆ ನೋವು ಕಾಣಿಸಿದರೆ ಓಟ, ಆಟ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಚರ್ಮ ಸಮೇತ ಹುರಿ ಕತ್ತರಿಸಿಹೋಗುವುದು ಇನ್ನೊಂದು ಬಗೆ. ಕಬ್ಬು ಕಡಿಯುವ ಕತ್ತಿ ಜಾರುವುದು, ಹೊಲದ ಯಂತ್ರದ ಅಲಗು ತಾಗುವುದು, ಸೈಕಲ್ಲಿನ ಹಿಂದೆ ಕುಳಿತ ಮಗುವಿನ ಹಿಮ್ಮಡಿ ಗಾಲಿಯ ಕಡ್ಡಿಗಳಲ್ಲಿ ಸಿಕ್ಕುವುದು, ಇವು ಯಾರಿಗೂ ಅಪರಿಚಿತವಲ್ಲ. ಜನ ಊಹಿಸದ ಇನ್ನೊಂದು ಕಾರಣವನ್ನು ಭಾರತದ ಮೂಳೆ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆಯಲ್ಲಿ ಕಾಲು ಜಾರಿ ಪಿಂಗಾಣಿಯ ಒಡೆದ ಅಂಚಿಗೆ ಹಿಮ್ಮಡಿ ಸಿಕ್ಕಿಕೊಳ್ಳುವುದು. ಹೊರಗೆ ಕಾಣುವ ಗಾಯ ಸಣ್ಣದಿರಬಹುದು. ಒಳಗೆ ಹುರಿ ಪೂರ್ತಿ ತುಂಡಾಗಿರಬಹುದು, ಹೊಲಸೂ ಸೇರಿರಬಹುದು. ಹುರಿಯನ್ನು ಪರೀಕ್ಷಿಸದೆ ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದರೆ ಅರ್ಧ ಕೆಲಸವಷ್ಟೇ ಆದಂತೆ. ಒಡೆದ ಪಾಯಖಾನೆಯ ಬಟ್ಟಲನ್ನು ಬದಲಿಸುವ ಖರ್ಚು ಈ ಗಾಯದ ಖರ್ಚಿನ ಮುಂದೆ ಏನೂ ಅಲ್ಲ.

ಮಂಡಿಯೂರಿ ನೋಡುವ ಪರೀಕ್ಷೆ

ಹುರಿ ಹರಿದವನು ನಡೆಯಲಾರನೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಪಾದವನ್ನು ಕೆಳಕ್ಕೆ ಒತ್ತಬಲ್ಲ ಬೇರೆ ಸಣ್ಣ ಸ್ನಾಯುಗಳೂ ಕಾಲಿನಲ್ಲಿವೆ. ಅವುಗಳ ಬಲದಿಂದ ಕುಂಟುತ್ತಲಾದರೂ ನಡೆದು ಮನೆ ಸೇರಬಹುದು, ಕುಳಿತಲ್ಲೇ ಪಾದ ಆಡಿಸಲೂಬಹುದು. ಎಕ್ಸ್‌ರೇ ತೆಗೆಸಿದರೆ ಎಲುಬು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಹರಿದದ್ದು ಎಲುಬಲ್ಲ. ಹೀಗಾಗಿ ‘ಬರೇ ಉಳುಕು’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಇಂಥ ಗಾಯಗಳಲ್ಲಿ ಸುಮಾರು ಐದರಲ್ಲೊಂದು ಮೊದಲ ಭೇಟಿಯಲ್ಲಿ ಗುರುತಿಗೆ ಬಾರದೆ ಉಳಿಯುತ್ತದೆಂದು ವೈದ್ಯಕೀಯ ಗ್ರಂಥಗಳೇ ಒಪ್ಪುತ್ತವೆ.

ಗುರುತಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ರೋಗಿಯನ್ನು ಬೋರಲು ಮಲಗಿಸಿ, ಪಾದ ಮಂಚದ ಅಂಚಿನಾಚೆ ಇಳಿಬಿಡಿಸಿ, ಅಥವಾ ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಮೀನಖಂಡವನ್ನು ಕೈಯಿಂದ ಹಿಂಡಬೇಕು. ಹುರಿ ಗಟ್ಟಿಯಾಗಿದ್ದರೆ ಪಾದದ ತುದಿ ತಾನಾಗಿ ಕೆಳಗೆ ಬಾಗುತ್ತದೆ. ಹರಿದಿದ್ದರೆ ಪಾದ ಅಲುಗುವುದಿಲ್ಲ. 1957ರಲ್ಲಿ ಸಿಮಂಡ್ಸ್, 1962ರಲ್ಲಿ ಥಾಮ್ಸನ್ ಎಂಬ ವೈದ್ಯರು ವಿವರಿಸಿದ ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಹಿಮ್ಮಡಿಯ ಮೇಲೆ ಬೆರಳಾಡಿಸಿದರೆ ಹುರಿಯ ನಡುವೆ ಒಂದು ತಗ್ಗು ಸಿಗುತ್ತದೆ. ಊತ ಏರಿದ ಮೇಲೆ ಆ ತಗ್ಗೂ ಮುಚ್ಚಿಹೋಗುತ್ತದೆ. ಸಂದೇಹ ಉಳಿದರೆ ಅಲ್ಟ್ರಾಸೌಂಡ್ ಪರೀಕ್ಷೆ ಸಾಕಾಗುತ್ತದೆ. ಮನೆಯವರು ಗಮನಿಸಬಹುದಾದ ಲಕ್ಷಣವೂ ಇದೆ: ನೊಂದ ಕಾಲೊಂದರ ಮೇಲೆಯೇ ನಿಂತು ಹಿಮ್ಮಡಿ ಎತ್ತಲು ಆಗುವುದಿಲ್ಲ. ಆದರೆ ಇದನ್ನು ಬಲವಂತವಾಗಿ ಮಾಡಿಸಿ ನೋಡಬಾರದು.

ಈ ಸೀಮೆಯಲ್ಲಿ ಉಳುಕು ತೆಗೆಯುವವರು, ಎಲುಬು ಕೂಡಿಸುವವರು ತಲೆಮಾರುಗಳಿಂದ ಇದ್ದಾರೆ. ದವಾಖಾನೆ ಹತ್ತಿಪ್ಪತ್ತು ಹರದಾರಿ ದೂರವಿದ್ದ ಕಾಲದಲ್ಲಿ ಬಡವರ ಕೈಕಾಲು ಕಾಯ್ದವರು ಅವರೇ. ಸುಣ್ಣ ಅರಿಶಿನದ ಪಟ್ಟು ಹಾಕಿ ಬಿದಿರಿನ ದಬ್ಬೆ ಕಟ್ಟುವುದರಲ್ಲಿ ನೊಂದ ಅಂಗಕ್ಕೆ ವಿಶ್ರಾಂತಿ ಕೊಡುವ ತತ್ತ್ವವೂ ಇದೆ. ಆದರೆ ಹರಿದ ಹುರಿಯ ಮೇಲೆ ಎಣ್ಣೆ ಹಚ್ಚಿ ನೀವುವುದರಿಂದ ತುಂಡಾದ ತುದಿಗಳು ಇನ್ನಷ್ಟು ದೂರ ಸರಿಯಬಹುದು. ‘ನಾಕು ದಿನ ನೋಡೋಣು’ ಎಂದು ಕಾಯ್ದ ಕಾಲವೂ ನಷ್ಟವೇ. ನಾಲ್ಕಾರು ವಾರ ಕಳೆದರೆ ಮೀನಖಂಡ ಮೇಲಕ್ಕೆ ಸೇದಿಕೊಂಡಿರುತ್ತದೆ. ನಡುವಿನ ಖಾಲಿ ಜಾಗದಲ್ಲಿ ಬಲವಿಲ್ಲದ ಗಾಯದ ಅಂಶ ತುಂಬಿಕೊಳ್ಳುತ್ತದೆ. ಆಗ ಬರಿಯ ಹೊಲಿಗೆ ಸಾಲದೆ, ಕಾಲಿನ ಹೆಬ್ಬೆರಳನ್ನು ಮಡಚುವ ಸ್ನಾಯುರಜ್ಜುವನ್ನು ತಂದು ಹಿಮ್ಮಡಿಗೆ ಕಟ್ಟುವಂಥ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕೊಯ್ಯಬೇಕೇ, ಕಟ್ಟಿದರೆ ಸಾಕೇ

ಚರ್ಮ ಸಮೇತ ಕತ್ತರಿಸಿಹೋದ ಗಾಯವನ್ನು ತೊಳೆದು ಹೊಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಳಗೊಳಗೇ ಹರಿದ ಹುರಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಮಾತ್ರ ವೈದ್ಯರ ನಡುವೆ ಬಹುಕಾಲದ ಚರ್ಚೆ. ಹಿಂದೆ ಪಾದವನ್ನು ಕೆಳಮುಖವಾಗಿರಿಸಿ ಎರಡು ಮೂರು ತಿಂಗಳು ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. ಕಾಲು ಸೊರಗುತ್ತಿತ್ತು, ಹುರಿ ಮತ್ತೆ ಹರಿಯುವುದೂ ಹೆಚ್ಚಿತ್ತು. ಆದ್ದರಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಲಿಗೆಯೇ ಉತ್ತಮವೆಂಬ ಅಭಿಪ್ರಾಯ ಬಲವಾಯಿತು. ಈಚಿನ ಅಧ್ಯಯನಗಳು ಚಿತ್ರವನ್ನು ಬದಲಿಸಿವೆ.

ನಾರ್ವೆ ದೇಶದಲ್ಲಿ 526 ರೋಗಿಗಳನ್ನು ಪರಿಗಣಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ, ಕೆಲವರಿಗೆ ತೆರೆದು ಹೊಲಿದು, ಇನ್ನು ಕೆಲವರಿಗೆ ಸಣ್ಣ ರಂಧ್ರಗಳ ಮೂಲಕ ಹೊಲಿದು ಚಿಕಿತ್ಸೆ ಮಾಡಲಾಯಿತು. ಒಂದು ವರ್ಷದ ನಂತರ ನೋಡಿದರೆ ನಡೆದಾಡುವ, ಕೆಲಸ ಮಾಡುವ ಶಕ್ತಿಯಲ್ಲಿ ಮೂರೂ ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಆದರೆ ಹುರಿ ಮತ್ತೆ ಹರಿದದ್ದು ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ನೂರಕ್ಕೆ 6.2 ಮಂದಿಗೆ, ಹೊಲಿಸಿಕೊಂಡ ಎರಡೂ ಗುಂಪುಗಳಲ್ಲಿ 0.6 ಮಂದಿಗೆ. ನಿಜವಾದ ನರಕ್ಕೆ ಪೆಟ್ಟಾದದ್ದು ಮಾತ್ರ ಹೊಲಿಸಿಕೊಂಡವರಲ್ಲಿ ಹೆಚ್ಚು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ 2.8, ಸಣ್ಣ ರಂಧ್ರದ ವಿಧಾನದಲ್ಲಿ 5.2. ಅಂದರೆ ಎರಡೂ ದಾರಿಗಳಲ್ಲಿ ಲಾಭವೂ ಇದೆ, ಬೆಲೆಯೂ ಇದೆ. ಇನ್ನೊಂದು ಮಹತ್ವದ ಅಧ್ಯಯನ ಬ್ರಿಟನ್ನಿನದು. 540 ರೋಗಿಗಳನ್ನೊಳಗೊಂಡು 2020ರಲ್ಲಿ ಪ್ರಕಟವಾದ ಅದು, ಬಿಗಿ ಪ್ಲಾಸ್ಟರಿನ ಬದಲು ಬೇಗನೆ ಹೆಜ್ಜೆ ಊರಲು ಬಿಡುವ ಬೂಟು ಹಾಕಿದರೂ ಫಲ ಕೆಡುವುದಿಲ್ಲವೆಂದು ತೋರಿಸಿತು.

ಸಕ್ಕರೆ ಕಾಯಿಲೆ ಇರುವವರು, ತಂಬಾಕು ಬಿಡದವರು, ವಯಸ್ಸಾದವರು ಶಸ್ತ್ರಚಿಕಿತ್ಸೆ ಇಲ್ಲದ ದಾರಿಯ ಬಗ್ಗೆ ವೈದ್ಯರೊಡನೆ ಮಾತಾಡುವುದು ಯುಕ್ತ. ಕುಸ್ತಿ, ಕಬಡ್ಡಿಗೆ ಮರಳಬೇಕಾದ ಹರೆಯದವರು ಹೊಲಿಗೆಯನ್ನು ಆಯ್ದುಕೊಳ್ಳಬಹುದು. ಯಾವ ದಾರಿಯೇ ಇರಲಿ, ಅದು ಮೊದಲ ಒಂದೆರಡು ವಾರಗಳಲ್ಲಿ ಶುರುವಾಗಬೇಕು.

ಯುಗಾದಿಯಿಂದ ಯುಗಾದಿಗೆ

ಗುಣವಾಗಲು ಎಷ್ಟು ದಿನ ಬೇಕು ಎಂಬುದು ಎಲ್ಲರ ಮೊದಲ ಪ್ರಶ್ನೆ. ಈ ಭಾಗದ ಹಬ್ಬಗಳ ಲೆಕ್ಕದಲ್ಲಿ ಅದನ್ನು ಹೀಗೆ ಹೇಳಬಹುದು. ಯುಗಾದಿಯ ದಿನ ಹುರಿ ಹರಿಯಿತು ಎಂದುಕೊಳ್ಳೋಣ. ಮೊದಲ ಎರಡು ವಾರ ಪಾದದ ಬೆರಳುಗಳು ಕೆಳಮುಖವಾಗಿರುವಂತೆ ಕಟ್ಟಿ, ಕಾಲನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲೆ ಇಡಬೇಕು. ತುಂಡಾದ ತುದಿಗಳು ಒಂದಕ್ಕೊಂದು ಸಮೀಪಿಸುವುದು ಈ ಭಂಗಿಯಲ್ಲಿ ಮಾತ್ರ.

ಒಂದು ತಿಂಗಳಿಗೆ ಬಸವ ಜಯಂತಿ ಬರುತ್ತದೆ. ಅಷ್ಟರಲ್ಲಿ ಹಿಮ್ಮಡಿಯ ಕೆಳಗೆ ಬೆಣೆ ಇಟ್ಟ ಬೂಟು ಹಾಕಿ, ಊರುಗೋಲಿನ ಆಸರೆಯಲ್ಲಿ ಹೆಜ್ಜೆ ಊರುವುದು ಶುರುವಾಗಿರುತ್ತದೆ. ಬೆಣೆಗಳನ್ನು ವೈದ್ಯರು ಹೇಳಿದಂತೆ ಒಂದೊಂದಾಗಿ ತೆಗೆಯುತ್ತ ಹೋಗಬೇಕು. ಎರಡೂವರೆ ತಿಂಗಳಿಗೆ ಕಾರ ಹುಣ್ಣಿಮೆ. ಬೂಟು ಬಿಚ್ಚಿ ಸಾದಾ ಚಪ್ಪಲಿಗೆ ಬರುವ ಕಾಲ ಇದು. ನೋವಿಲ್ಲ, ಊತ ಇಳಿದಿದೆ, ಮನಸ್ಸಿಗೆ ಧೈರ್ಯ ಬಂದಿದೆ. ಹುರಿ ಮತ್ತೆ ಹರಿಯುವ ಭಯ ಹೆಚ್ಚಾಗಿರುವುದೂ ಈ ಆಸುಪಾಸಿನ ದಿನಗಳಲ್ಲಿಯೇ. ಕರಿ ಹರಿಯುವ ಎತ್ತುಗಳ ಹಿಂದೆ ಓಡುವ ಆಸೆಯನ್ನು ಆ ವರ್ಷ ಬಿಡಬೇಕು. ಹಸಿ ಬಚ್ಚಲಲ್ಲಿ ಒಮ್ಮೆ ಜಾರಿದರೂ ಸಾಕು, ಲೆಕ್ಕ ಮತ್ತೆ ಯುಗಾದಿಯಿಂದ ಶುರು.

ನಾಲ್ಕು ತಿಂಗಳಿಗೆ ನಾಗರ ಪಂಚಮಿ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಆಗ ನಡೆಯುತ್ತಿರುತ್ತದೆ. ಜೋಕಾಲಿ ಜೀಕಿ ಜಿಗಿಯುವ ಹೊತ್ತು ಇನ್ನೂ ಬಂದಿರುವುದಿಲ್ಲ. ಆರು ತಿಂಗಳಿಗೆ ದಸರೆ. ನೊಂದ ಕಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಲು ಬಂದವರು ನಿಧಾನದ ಓಟ ಶುರು ಮಾಡಬಹುದು. ಬಾರದವರು ಕಾಯಬೇಕು. ಇಲ್ಲಿ ತೀರ್ಪು ಕೊಡುವುದು ತಿಥಿಯಲ್ಲ, ಕಾಲಿನ ಬಲ. ಒಂಬತ್ತೂವರೆ ತಿಂಗಳಿಗೆ ಬನದ ಹುಣ್ಣಿಮೆ. ಯಲ್ಲಮ್ಮನ ಗುಡ್ಡ ಏರಲು ಬಹುತೇಕರಿಗೆ ಅಡ್ಡಿ ಇರುವುದಿಲ್ಲ, ಬರಿಗಾಲಿಗಿಂತ ಮೆತ್ತನೆಯ ಪಾದರಕ್ಷೆ ಲೇಸು. ಮುಂದಿನ ಯುಗಾದಿಗೆ ವರ್ಷ ತುಂಬಿದಾಗಲೂ ಎರಡು ಮೀನಖಂಡಗಳನ್ನು ಅಳೆದರೆ ಹರಿದ ಕಾಲಿನದು ತುಸು ಸಣ್ಣದಾಗಿಯೇ ಇರುತ್ತದೆ. ಹಲವರಲ್ಲಿ ಒಂದಿಷ್ಟು ಬಲ ಕೊನೆಗೂ ಕಡಿಮೆಯೇ. ದಿನದ ಕೆಲಸಕ್ಕೆ ಅದು ತಡೆಯಾಗದು.

ಸಕಲ ಸೌಲಭ್ಯವಿರುವ ಆಟಗಾರರಿಗೂ ಈ ಲೆಕ್ಕದಿಂದ ಬಿಡುಗಡೆ ಇಲ್ಲ. ಫುಟ್ಬಾಲ್ ಆಟಗಾರ ಡೇವಿಡ್ ಬೆಕಮ್ 2010ರ ಮಾರ್ಚ್‌ನಲ್ಲಿ ಇಟಲಿಯ ಮೈದಾನದಲ್ಲಿ ಹುರಿ ಹರಿದುಕೊಂಡು ಆ ವರ್ಷದ ವಿಶ್ವಕಪ್ ಕಳೆದುಕೊಂಡರು. ಮತ್ತೆ ಆಡಿದ್ದು ಸೆಪ್ಟೆಂಬರ್‌ನಲ್ಲಿ. ಕ್ರಿಕೆಟಿಗ ಮೊಹಮ್ಮದ್ ಶಮಿ 2023ರ ನವೆಂಬರ್‌ನ ವಿಶ್ವಕಪ್ ಫೈನಲ್ ನಂತರ ಇದೇ ಹುರಿಯ ತೊಂದರೆಯಿಂದ 2024ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ನಡೆಯಿತು. ನಡುವೆ ಮೊಣಕಾಲು ಊದಿಕೊಂಡು ಮತ್ತಷ್ಟು ತಡವಾಯಿತು. ರಣಜಿ ಪಂದ್ಯಕ್ಕೆ ಇಳಿದದ್ದು ಆ ವರ್ಷದ ನವೆಂಬರ್‌ನಲ್ಲಿ, ಭಾರತ ತಂಡಕ್ಕೆ ಮರಳಿದ್ದು 2025ರ ಜನವರಿಯಲ್ಲಿ. ಒಂದು ಕಡೆ ಸರಿಪಡಿಸುವಾಗ ಇನ್ನೊಂದು ಕಡೆ ಭಾರ ಬೀಳುತ್ತದೆ ಎಂಬುದಕ್ಕೂ ಇದು ನಿದರ್ಶನ.

ದಾರಿಯ ತೊಡಕುಗಳು

ಹುರಿಗಿಂತ ಜೀವಕ್ಕೇ ಅಪಾಯ ತರುವ ತೊಡಕು ಒಂದಿದೆ. ಅಲುಗಾಟವಿಲ್ಲದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಾಂತಿಕವಾಗಬಹುದು. ಮೀನಖಂಡ ಬಿಗಿದು ಊದಿದರೆ, ಬಿಸಿಯಾದರೆ, ಹೊಸ ನೋವು ಶುರುವಾದರೆ, ಅಥವಾ ತಟ್ಟನೆ ಉಸಿರಾಟ ಕಷ್ಟವಾಗಿ ಎದೆ ನೊಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಇಂಥ ಊತವನ್ನು ಎಣ್ಣೆ ಹಾಕಿ ತಿಕ್ಕಿದರೆ ಹೆಪ್ಪು ಕಳಚುವ ಭಯವಿದೆ. ‘ನರ’ದ ಗೊಂದಲ ಜೀವದ ಪ್ರಶ್ನೆಯಾಗುವುದು ಇಲ್ಲಿ. ಧೂಮಪಾನಿಗಳು, ಸ್ಥೂಲಕಾಯದವರು, ಹಿಂದೊಮ್ಮೆ ಹೆಪ್ಪುಗಟ್ಟಿದವರು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಹೆಂಗಸರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಅಗತ್ಯವಿದ್ದರೆ ರಕ್ತ ತೆಳುವಾಗಿಸುವ ಔಷಧ ಕೊಡುತ್ತಾರೆ.

ಹೊಲಿಗೆ ಹಾಕಿದಲ್ಲಿ ಇನ್ನೊಂದು ಚಿಂತೆ. ಹಿಮ್ಮಡಿಯ ಹಿಂದಿನ ಚರ್ಮ ತೆಳು, ಅದರ ಕೆಳಗೆ ಮಾಂಸವಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಬಿಡದಿದ್ದರೆ ಗಾಯ ಮಾಯದೆ ಕೀವಾಗಬಹುದು, ಚರ್ಮ ಕಪ್ಪಾಗಿ ಸಾಯಬಹುದು. ಹೊಲಿಗೆಯ ನೆರೆಯಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾದರೆ ಪಾದದ ಹೊರ ಅಂಚು ಜೋಮು ಹಿಡಿದಂತಿರುತ್ತದೆ. ಕೆಲವರಲ್ಲಿ ಹುರಿ ಕೂಡಿದರೂ ಉದ್ದವಾಗಿ ಕೂಡುತ್ತದೆ. ಸಡಿಲವಾದ ಹಗ್ಗದಿಂದ ನೀರು ಸೇದಿದಂತೆ ಆಗ ಸ್ನಾಯು ಎಷ್ಟು ಎಳೆದರೂ ಹಿಮ್ಮಡಿ ಏಳುವುದಿಲ್ಲ. ಮೊದಲ ಮೂರು ತಿಂಗಳು ಪಾದವನ್ನು ಬಲವಾಗಿ ಮೇಲಕ್ಕೆ ಬಾಗಿಸಬಾರದು ಎಂದು ಫಿಜಿಯೋಥೆರಪಿಯವರು ಒತ್ತಿ ಹೇಳುವುದು ಇದಕ್ಕಾಗಿಯೇ.

ನಮ್ಮ ಮನೆಗಳಲ್ಲಿ ಆ ನಿಷೇಧ ಪಾಲಿಸುವುದು ಸುಲಭವಲ್ಲ. ಕುಕ್ಕರಗಾಲಲ್ಲಿ ಕೂತಾಗ ಪಾದ ಬಾಗುವಷ್ಟು ಬೇರೆ ಯಾವ ಭಂಗಿಯಲ್ಲೂ ಬಾಗದು. ಪಾಯಖಾನೆಗೆ, ಬಚ್ಚಲಿಗೆ, ಒಲೆಯ ಮುಂದೆ, ಹೊಲದ ಕಳೆಗೆ, ಎಲ್ಲದಕ್ಕೂ ಅದೇ ಭಂಗಿ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊರೆದು ಪಾಯಖಾನೆಯ ಮೇಲೆ ಇಟ್ಟುಕೊಳ್ಳುವುದು, ಬಚ್ಚಲಲ್ಲಿ ಸ್ಟೂಲು, ಗೋಡೆಗೊಂದು ಹಿಡಿಕೆ, ಇಷ್ಟು ಏರ್ಪಾಡು ಸಾವಿರಾರು ರೂಪಾಯಿಯ ಬೂಟಿನಷ್ಟೇ ಮುಖ್ಯ. ಮೋಟಾರ್ ಸೈಕಲ್ಲಿನ ಎಡಗಾಲು ಗೇರಿಗೆ, ಬಲಗಾಲು ಬ್ರೇಕಿಗೆ ಬೇಕಾಗುವುದರಿಂದ ಯಾವ ಕಾಲು ನೊಂದರೂ ಕೆಲ ತಿಂಗಳು ಗಾಡಿ ಬಿಡಬೇಕು.

ದುಡಿಮೆಯದು ಇನ್ನೂ ದೊಡ್ಡ ಮಾತು. ಮೇಜಿನ ಕೆಲಸದವರು ಕೆಲವೇ ವಾರಗಳಲ್ಲಿ ಮರಳಬಹುದು. ಮಗ್ಗ ತುಳಿಯುವವರು, ಹಮಾಲರು, ಕಬ್ಬಿನ ಗ್ಯಾಂಗಿನವರು ನಾಲ್ಕಾರು ತಿಂಗಳು ಕೂಲಿ ಕಳೆದುಕೊಳ್ಳುತ್ತಾರೆ. ಮನೆ ನಡೆಯದಿದ್ದಾಗ ಬೂಟು ಬೇಗ ಬಿಚ್ಚಿ ಕೆಲಸಕ್ಕೆ ಇಳಿಯುತ್ತಾರೆ, ಹುರಿ ಮತ್ತೆ ಹರಿಯುತ್ತದೆ. ಇದನ್ನು ಅಜ್ಞಾನ ಎಂದು ಜರಿಯುವುದು ಸಲ್ಲ, ಹಿಂದಿರುವುದು ಬಡತನದ ಒತ್ತಡ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಾಗಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಾಗಲಿ ತಮಗೆ ಬೇಕಾದ ಚಿಕಿತ್ಸೆ ಸೇರಿದೆಯೇ ಎಂದು ಆಸ್ಪತ್ರೆಗೆ ಸೇರುವ ಮೊದಲೇ ಕೇಳಿ ತಿಳಿಯಬೇಕು. ಆದರೆ ಯೋಜನೆ ಭರಿಸುವುದು ಆಸ್ಪತ್ರೆಯ ಖರ್ಚನ್ನು. ಕಳೆದ ಕೂಲಿಯನ್ನು ಭರಿಸುವುದು ಹೆಚ್ಚಾಗಿ ಮನೆಯ ಹೆಂಗಸರ ಹೆಚ್ಚಿನ ದುಡಿಮೆಯೇ.

ಬರದಂತೆ ನೋಡಿಕೊಳ್ಳುವುದು ಪೂರ್ತಿಯಾಗಿ ಕೈಯಲ್ಲಿಲ್ಲ. ಆದರೂ ಮೂವತ್ತು ದಾಟಿದವರು ಆಟಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು, ವಾರಕ್ಕೆ ಎರಡು ಮೂರು ಸಲ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡ ಗಟ್ಟಿ ಮಾಡಿಕೊಳ್ಳುವುದು, ಓಟವನ್ನು ದಿನದಿಂದ ದಿನಕ್ಕೆ ಅಲ್ಲ, ವಾರದಿಂದ ವಾರಕ್ಕೆ ಹೆಚ್ಚಿಸುವುದು ಒಳ್ಳೆಯದು. ಗರಡಿ ಮನೆಯ ಹಿಂದಿನ ಉಸ್ತಾದರು ಬೈಠಕ್ ಹೊಡೆಯದೆ ಕಣಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಅದರಲ್ಲಿದ್ದ ವಿವೇಕ ಇಂದಿನ ವೈದ್ಯರಿಗೂ ಒಪ್ಪಿಗೆಯಾದುದೇ.

ದುರ್ಬಲ ಜಾಗಕ್ಕೆ ‘ಅಕಿಲಿಸನ ಹಿಮ್ಮಡಿ’ ಎನ್ನುವುದು ಲೋಕದ ರೂ‌ಢಿ. ಶರೀರದ ಲೆಕ್ಕದಲ್ಲಿ ಅದು ತಿರುವುಮುರುವು, ಎಲ್ಲಕ್ಕಿಂತ ಬಲವಾದ ಹುರಿ ಇರುವುದೇ ಅಲ್ಲಿ. ದೌರ್ಬಲ್ಯ ಇರುವುದು ಅದು ಹರಿದಾಗ ಗುರುತಿಸದ ಅವಸರದಲ್ಲಿ, ಮಾಯುವ ಮುನ್ನವೇ ಎದ್ದು ಹೊರಡಬೇಕಾದ ಬದುಕಿನಲ್ಲಿ. ಜಿಗಿದಾಗ ಹಿಂದಿನಿಂದ ಒದ್ದಂತಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಎಣ್ಣೆಯ ಬಟ್ಟಲು ತರುವ ಮೊದಲು ಮೀನಖಂಡವನ್ನು ಹಿಂಡಿ ನೋಡಬಲ್ಲ ವೈದ್ಯರ ಬಳಿಗೆ ಕರೆದೊಯ್ಯುವುದು ಮೇಲು.